ಜೂನ್ ಒಂದರಂದು ಹುಟ್ಟಿದವರು

ಕಳೆದ ಭಾನುವಾರ ಬೆಳಿಗ್ಗೆ ಇನ್ನೂ ಹಾಸಿಗೆ ಬಿಟ್ಟು ಎದ್ದಿರಲಿಲ್ಲ, ಅಕ್ಕನ ಫೋನ್ ಬಂತು. ಅಕ್ಕ ಇರೋದು ನ್ಯೂಜೆರ್ಸಿಯಲ್ಲಿ. ನಮಗೆ ಭಾನುವಾರದ ಬೆಳಗು ಅಂದರೆ ಅವಳಿಗೆ ಶನಿವಾರದ ರಾತ್ರಿ, ಪಾತ್ರೆ ತೊಳೆದು ಮುಗಿಸಿ ಊರಿನ ಸುದ್ದಿ ಕೇಳುವ ಹೊತ್ತು. ಆದರೆ ಈ ಸಲ ಊರಿನ ಸುದ್ದಿ ಕೇಳಲಿಲ್ಲ.

"ನಿನ್ನ ಅಳಿಯನಿಗೆ ಸ್ವಲ್ಪ ಬುದ್ಧಿ ಹೇಳೋ. ಕಾಲೇಜು ಶುರುವಾಗಿ ಮೂರು ವಾರ ಆಗಿಲ್ಲ, ಆಗಲೇ ಹಿಸ್ಟರಿ ಕ್ಲಾಸಿಗೆ ಹೋಗಲ್ಲ ಅಂತ ಕೂತಿದಾನೆ. ನಿಮ್ಮ ಭಾವ ಹೇಳಿದ್ರೆ ಕೇಳಲ್ಲ. ನೀನು ಸಾಫ್ಟ್‌ವೇರ್‌ನೋನು ಅಲ್ವಾ, ನಿನ್ನ ಮಾತು ಕೇಳ್ತಾನೆ."

ಫೋನು ಹುಡುಗನ ಕೈಗೆ ಹೋಯಿತು. ಅಲ್ಲಿನ ಕಾಲೇಜುಗಳಲ್ಲಿ ನೀವು ಏನೇ ಓದಲು ಸೇರಿದರೂ ಮೊದಲ ಒಂದೆರಡು ವರ್ಷ ಬೇರೆ ಬೇರೆ ವಿಷಯಗಳ ಪ್ರಾಥಮಿಕ ಕೋರ್ಸುಗಳನ್ನು ಮಾಡಲೇಬೇಕು. ಇವನ ಪಾಲಿಗೆ ಬಂದಿದ್ದು ಮೂರು: ಪ್ರೋಗ್ರಾಮಿಂಗ್, ವರ್ಲ್ಡ್ ಹಿಸ್ಟರಿ, ಗ್ಲೋಬಲ್ ಇಶ್ಯೂಸ್.

"ಮಾಮ, ಪ್ರೋಗ್ರಾಮಿಂಗ್ ಓಕೆ. ನಾನು ಬಂದಿರೋದೇ ಅದಕ್ಕೆ. ಆದ್ರೆ ಮೆಸಪೊಟೇಮಿಯಾ ಕಟ್ಕೊಂಡು ನಾನೇನ್ ಮಾಡ್ಲಿ? ಯೂ ಟೆಲ್ ಮಿ, ನೀವು ಆಫೀಸಲ್ಲಿ ಯಾವತ್ತಾದ್ರೂ ಹಿಸ್ಟರಿ ಯೂಸ್ ಮಾಡಿದೀರಾ?"

ಇಂಥ ಪ್ರಶ್ನೆಗೆ ನನ್ನ ಹತ್ತಿರ ಒಂದು ರೆಡಿಮೇಡ್ ಉತ್ತರ ಇದೆ. ಆಫೀಸಿಗೆ ಹೊಸದಾಗಿ ಸೇರುವ ಹುಡುಗರಿಗೆ ಎಷ್ಟೋ ಸಲ ಕೊಟ್ಟಿದ್ದೀನಿ. "ಅದೆಲ್ಲ ಪಾಸಾಗೋಷ್ಟು ಓದ್ಕೊಂಡ್ರೆ ಸಾಕು, ಕೋಡಿಂಗ್ ಮೇಲೆ ಗಮನ ಇರಲಿ." ಅದೇ ಉತ್ತರ ಗಂಟಲವರೆಗೂ ಬಂತು, ಆದರೆ ಹೇಳೋಕೆ ಆಗಲಿಲ್ಲ. "ಸಂಜೆ ಮಾಡ್ತೀನಿ ಕಣೋ" ಅಂತ ಹೇಳಿ ಫೋನ್ ಇಟ್ಟೆ.

ಯಾಕೆ ಹೇಳೋಕೆ ಆಗಲಿಲ್ಲ ಅನ್ನೋದನ್ನ ಹೇಳಬೇಕಾದರೆ ನನ್ನ ಮೊದಲ ವರ್ಷದ ಕಥೆಯಿಂದಲೇ ಶುರು ಮಾಡಬೇಕು.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ನಮ್ಮೂರ ಕನ್ನಡ ಶಾಲೆಯಲ್ಲಿ. ತಿಪಟೂರು ಸೀಮೆ, ಸುತ್ತ ತೆಂಗಿನ ತೋಟ. 2005ರಲ್ಲಿ ಬಿಇ ಸೇರಿದಾಗ ಇಂಗ್ಲಿಷಿನಲ್ಲಿ ಎರಡು ವಾಕ್ಯ ಮಾತಾಡಬೇಕೆಂದರೆ ಅಂಗೈ ಬೆವರುತ್ತಿತ್ತು. ಮೊದಲ ಸೆಮಿಸ್ಟರಿನಲ್ಲೇ ಸಿ ಪ್ರೋಗ್ರಾಮಿಂಗ್ ಲ್ಯಾಬ್. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಒಳಗೆ ಎ.ಸಿ., ಸಾಲಾಗಿ ಕಂಪ್ಯೂಟರುಗಳು, ಟರ್ಬೋ ಸಿಯ ನೀಲಿ ಪರದೆ. ಮೊದಲ ದಿನ ಎಲ್ಲರೂ ಬರೆದಿದ್ದು ಒಂದೇ ಪ್ರೋಗ್ರಾಂ, ಪರದೆಯ ಮೇಲೆ 'ಹಲೋ ವರ್ಲ್ಡ್' ಅಂತ ಮೂಡಿಸೋದು. ಕರ್ನಿಘನ್ ಮತ್ತು ರಿಚಿ ಎಂಬಿಬ್ಬರು 1978ರಲ್ಲಿ ಸಿ ಭಾಷೆಯ ಬಗ್ಗೆ ಬರೆದ ಪುಸ್ತಕದ ಮೊದಲ ಉದಾಹರಣೆ ಅದು. ಅಲ್ಲಿಂದೀಚೆಗೆ ಜಗತ್ತಿನ ಬಹುಪಾಲು ಪ್ರೋಗ್ರಾಮರುಗಳ ಅಕ್ಷರಾಭ್ಯಾಸ ಆ ಎರಡು ಪದಗಳಿಂದಲೇ.

ಅವತ್ತಿನ ಖುಷಿಯನ್ನ ನಾನು ಮರೆಯೋ ಹಾಗಿಲ್ಲ. ಪಕ್ಕದಲ್ಲಿ ಕೂತಿದ್ದ ಬೆಂಗಳೂರಿನ ಕಾನ್ವೆಂಟ್ ಹುಡುಗ ಸೆಮಿಕೋಲನ್ ಬಿಟ್ಟಿದ್ದ, ಅವನಿಗೆ ಎರರ್ ಬಂತು. ನಾನು ಹಾಕಿದ್ದೆ, ನನ್ನದು ಓಡಿತು. ನನ್ನ ಇಂಗ್ಲಿಷ್ ಉಚ್ಚಾರಣೆ ಹೇಗಿದೆ, ನಮ್ಮಪ್ಪ ಏನು ಕೆಲಸ ಮಾಡ್ತಾರೆ, ನಾನು ಯಾರ ಪೈಕಿ, ಇದ್ಯಾವುದನ್ನೂ ಕಂಪೈಲರ್ ಕೇಳಲಿಲ್ಲ. ಹಳ್ಳಿಯಿಂದ ಬಂದ ಹುಡುಗನಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಹಳ್ಳಿಯಿಂದ ಬಂದವರಿಗಷ್ಟೇ ಗೊತ್ತಾಗುತ್ತೆ. ಸರಿ ಅಂದರೆ ಸರಿ, ತಪ್ಪು ಅಂದರೆ ತಪ್ಪು. ಮುಖ ನೋಡಿ ಮಣೆ ಹಾಕೋದಿಲ್ಲ. ಪ್ರೋಗ್ರಾಮಿಂಗ್ ಮೇಲೆ ನನಗೆ ಪ್ರೀತಿ ಹುಟ್ಟಿದ್ದೇ ಈ ಕಾರಣಕ್ಕೆ. ಇವತ್ತಿಗೂ ಆ ಋಣ ಇದೆ.

ಅದೇ ವರ್ಷ ನಮಗೆ ಇನ್ನೆರಡು ವಿಷಯ ಇದ್ದವು. ಒಂದು ಸಂವಿಧಾನ ಮತ್ತು ವೃತ್ತಿಯ ನೀತಿ, ಇನ್ನೊಂದು ಪರಿಸರ. ಎರಡೂ ಪಾಸಾದರೆ ಸಾಕು ಅನ್ನೋ ಪೇಪರುಗಳು. ಪರೀಕ್ಷೆಯ ಹಿಂದಿನ ರಾತ್ರಿ ಕಾಲೇಜ್ ಗೇಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಶ್ನೋತ್ತರದ ಕಟ್ಟು ಸಿಗುತ್ತಿತ್ತು. ಭೋಪಾಲ್ ದುರಂತ ಯಾವ ವರ್ಷ? 1984. ಸೋರಿದ ಅನಿಲ ಯಾವುದು? ಮೀಥೈಲ್ ಐಸೋಸಯನೇಟ್. ಟಿಕ್ ಹಾಕು, ಮುಂದೆ ಹೋಗು. ಸಾವಿರಾರು ಜನ ಸತ್ತ ಘಟನೆ ನಮಗೆ ಒಂದು ಮಾರ್ಕಿನ ಪ್ರಶ್ನೆ. ಇನ್ನು ಇತಿಹಾಸ? ಅದು ಹತ್ತನೇ ಕ್ಲಾಸಿಗೇ ಮುಗಿದಿತ್ತು. ಪಿಯುಸಿಯಲ್ಲಿ ಸೈನ್ಸ್ ತಗೊಂಡ ದಿನವೇ ಇತಿಹಾಸ ಆರ್ಟ್ಸ್‌ನವರ ಸೊತ್ತಾಗಿಬಿಟ್ಟಿತ್ತು. ನಾವು ಅದನ್ನ ಸ್ವಲ್ಪ ಕನಿಕರದಿಂದಲೇ ನೋಡ್ತಿದ್ವಿ.

ಸಿ ಕಲಿಯುವಾಗ ಸ್ವಲ್ಪ ದಿನದ ಮೇಲೆ 'ಸ್ಟ್ರಕ್ಚರ್' ಅನ್ನೋ ಪಾಠ ಬರುತ್ತೆ. ಬೇರೆ ಬೇರೆ ಮಾಹಿತಿಯನ್ನ ಒಂದು ಗಂಟು ಕಟ್ಟೋದು. ಯಾವ ಪುಸ್ತಕ ತೆಗೆದರೂ ಉದಾಹರಣೆ ಬಹುತೇಕ ಒಂದೇ, ವಿದ್ಯಾರ್ಥಿಯ ದಾಖಲೆ. ಹೆಸರು, ರೋಲ್ ನಂಬರ್, ಹುಟ್ಟಿದ ದಿನ, ಅಂಕ. ಹೆಸರಿಗೆ ನಾವು ಇಪ್ಪತ್ತು ಅಕ್ಷರದ ಜಾಗ ಕೊಡ್ತಿದ್ವಿ. ಕೊನೆಯ ಒಂದು ಜಾಗ ಹೆಸರು ಮುಗಿಯಿತು ಅಂತ ಗುರುತು ಹಾಕೋಕೆ ಹೋಗುತ್ತೆ, ಉಳಿಯೋದು ಹತ್ತೊಂಬತ್ತು.

ಎಷ್ಟೋ ವರ್ಷದ ಮೇಲೆ ಈ ಇಪ್ಪತ್ತರ ಲೆಕ್ಕವನ್ನ ಕನ್ನಡದಲ್ಲಿ ಹಾಕಿ ನೋಡಿದೆ. ಈಗ ಎಲ್ಲೆಡೆ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಸ್ವರಚಿಹ್ನೆಗೂ ಮೂರು ಮೂರು ಬೈಟ್ ಬೇಕು. 'ಮಂಜುನಾಥ' ಅಂತ ಬರೆಯೋಕೆ ಮ, ಸೊನ್ನೆ, ಜ, ಕೊಂಬು, ನ, ದೀರ್ಘ, ಥ, ಒಟ್ಟು ಏಳು. ಏಳು ಮೂರ್ಲಿ ಇಪ್ಪತ್ತೊಂದು. ಕರ್ನಾಟಕದ ಪ್ರತಿ ಕ್ಲಾಸಿನಲ್ಲೂ ಒಬ್ಬನಾದರೂ ಮಂಜುನಾಥ ಇರ್ತಾನೆ. ನಾವು ಮೊದಲ ವರ್ಷ ಕಟ್ಟಿದ ಗಂಟಿನಲ್ಲಿ ಅವನು ತನ್ನ ಭಾಷೆಯಲ್ಲಿ ಹಿಡಿಸೋದೇ ಇಲ್ಲ.

ಇದು ಪುಸ್ತಕ ಬರೆದವರ ತಪ್ಪಲ್ಲ, ಪಾಠ ಮಾಡಿದವರ ತಪ್ಪೂ ಅಲ್ಲ. ಪ್ರಾಥಮಿಕ ಕೋರ್ಸು ಅಂದಮೇಲೆ ಜಗತ್ತನ್ನ ಸ್ವಲ್ಪ ಸರಳ ಮಾಡಿಯೇ ತೋರಿಸಬೇಕು. ಮೊದಲ ದಿನವೇ ಎಲ್ಲ ಗೋಜಲನ್ನ ತೋರಿಸಿದರೆ ಯಾರೂ ಎರಡನೇ ದಿನ ಕ್ಲಾಸಿಗೆ ಬರಲ್ಲ. ತೊಂದರೆ ಏನಪ್ಪಾ ಅಂದರೆ, "ಇದು ಸರಳ ಮಾಡಿದ್ದು, ನಿಜವಾದ ಜನ ಹೀಗಿರಲ್ಲ" ಅಂತ ನಮಗೆ ಯಾರೂ ಹೇಳಲೇ ಇಲ್ಲ. ನಾವೂ ಕೇಳಲಿಲ್ಲ. ಹಾಗೇ ಕೆಲಸಕ್ಕೆ ಸೇರಿದ್ವಿ.

ಈಗ ಜೂನ್ ಒಂದರ ವಿಷಯಕ್ಕೆ ಬರ್ತೀನಿ.

ನನ್ನ ಮಾರ್ಕ್ಸ್ ಕಾರ್ಡಿನಲ್ಲಿರೋ ಹುಟ್ಟಿದ ದಿನ ಜೂನ್ 1. ಆವತ್ತು ಬೆಳಿಗ್ಗೆಯಿಂದ ಫೋನಿಗೆ ಶುಭಾಶಯ ಬರುತ್ತೆ, ಆಫೀಸಿನಲ್ಲಿ ಕೇಕ್ ಕತ್ತರಿಸ್ತಾರೆ. ನಾನು ನಿಜವಾಗಿ ಹುಟ್ಟಿದ್ದು ಕಾರ್ತಿಕ ಮಾಸದಲ್ಲಿ, ರಾಗಿ ಕೊಯ್ಲಿನ ಹೊತ್ತಿಗೆ ಅಂತ ಅವ್ವ ಹೇಳ್ತಾಳೆ. ತಾರೀಖು ಅವಳಿಗೂ ನೆನಪಿಲ್ಲ. ಶಾಲೆಗೆ ಸೇರಿಸೋಕೆ ಹೋದಾಗ ಮೇಷ್ಟ್ರು ಬಲಗೈಯನ್ನ ತಲೆ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟು ಅಂದರಂತೆ. ಬೆರಳು ಕಿವಿಗೆ ತಾಗಿತು, ಸೇರಿಸಿಕೊಂಡರು. ಶಾಲೆ ಶುರುವಾಗೋದು ಜೂನ್ ಹೊತ್ತಿಗೆ, ವಯಸ್ಸಿನ ಲೆಕ್ಕ ಸರಿಹೋಗಬೇಕು, ಬರೆದುಬಿಟ್ಟರು ಜೂನ್ 1. ನನ್ನ ಕ್ಲಾಸಿನಲ್ಲಿ ಅರ್ಧಕ್ಕರ್ಧ ಹುಡುಗರು ಅವತ್ತೇ ಹುಟ್ಟಿದವರು. ಹಳೇ ಮೈಸೂರು ಕಡೆಯ ಹಳ್ಳಿಗಳಿಂದ ಬಂದ ನನ್ನ ವಯಸ್ಸಿನವರು ಇದನ್ನ ಓದಿ ಈಗ ನಗ್ತಿರ್ತೀರಿ.

2014ರ ಸುಮಾರಿಗೆ ನಮ್ಮ ತಂಡಕ್ಕೆ ಒಂದು ಕೆಲಸ ಬಂತು. ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುವ ಒಂದು ಸಂಸ್ಥೆ. ಅವರಿಗೆ ಬರುವ ಅರ್ಜಿಗಳಲ್ಲಿ ಒಬ್ಬರೇ ಎರಡೆರಡು ಸಲ ಹಾಕಿದ ಅರ್ಜಿಗಳು ಇರ್ತಿದ್ದವು. ಅದನ್ನ ಕಂಪ್ಯೂಟರೇ ಹಿಡಿದುಕೊಡಬೇಕು. ನನಗೆ ಬಹಳ ಇಷ್ಟವಾದ ಕೆಲಸ. ಎರಡು ಸಂಜೆ ಕೂತು ಒಂದು ನಿಯಮ ಬರೆದೆ. ಹೆಸರು ಹೆಚ್ಚುಕಮ್ಮಿ ಒಂದೇ ಇದ್ದು, ಹುಟ್ಟಿದ ದಿನ ಒಂದೇ ಇದ್ದು, ವಿಳಾಸವೂ ಒಂದೇ ಆಗಿದ್ದರೆ, ಇಬ್ಬರೂ ಒಬ್ಬರೇ. ಎರಡನೇ ಅರ್ಜಿ ತಿರಸ್ಕೃತ. ಡೆಮೊ ಚೆನ್ನಾಗಿ ಆಯಿತು. ನಮ್ಮ ಮ್ಯಾನೇಜರ್ ಎಲ್ಲರ ಮುಂದೆ ಹೊಗಳಿದರು. ಸಂಸ್ಥೆಯವರೂ ಖುಷಿಯಾದರು, ಯಾಕೆಂದರೆ ನಿಜವಾಗಿಯೂ ಮೋಸದ ಅರ್ಜಿಗಳು ಸಿಕ್ಕಿದ್ದವು.

ಮುಂದಿನ ವರ್ಷ ತೇರಿಗೆ ಊರಿಗೆ ಹೋಗಿದ್ದೆ. ದೇವಸ್ಥಾನದ ಹತ್ತಿರ ಕಾಫಿ ಅಂಗಡಿಯಲ್ಲಿ ನಮ್ಮ ಬೀದಿಯ ಕಾಯಿ ಸುಲಿಯೋ ಅಣ್ಣ ಸಿಕ್ಕರು. ನನ್ನನ್ನ ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ತೇರು ತೋರಿಸಿದವರು.

"ಏನಪ್ಪಾ ಇಂಜಿನಿಯರ್ರು, ಚೆನ್ನಾಗಿದೀಯಾ? ನೋಡು, ನಮ್ ಹುಡ್ಗುಂಗೆ ಸ್ಕಾಲರ್‌ಶಿಪ್ಪೇ ಬರ್ಲಿಲ್ಲ. ಡೂಪ್ಲಿಕೇಟ್ ಅಂತಂತೆ. ನಮ್ ತಮ್ಮನ್ ಮಗುಂಗೆ ಬಂತು, ಇವ್ನಿಗಿಲ್ಲ. ನೀನು ಕಂಪ್ಯೂಟ್ರಲ್ಲೇ ಇದೀಯಲ್ಲ, ಏನ್ ಹಂಗಂದ್ರೆ?"

ಸಂಸ್ಥೆಯ ಹೆಸರು ಕೇಳಿದೆ. ಅವರು ಹೇಳಿದರು. ಕಾಫಿ ಲೋಟ ಕೈಯಲ್ಲೇ ಉಳಿಯಿತು.

ಅಣ್ಣನ ಮಗ, ಅವರ ತಮ್ಮನ ಮಗ, ಇಬ್ಬರೂ ಒಂದೇ ಕ್ಲಾಸು, ಒಂದೇ ಡಿಪ್ಲೊಮಾ. ಇಬ್ಬರಿಗೂ ಇಟ್ಟಿರೋದು ತಾತನ ಹೆಸರು, ಅದು ನಮ್ಮ ಕಡೆ ಪದ್ಧತಿ. ಮನೆಯಲ್ಲಿ ಒಬ್ಬನನ್ನ ದೊಡ್ಡೋನು ಅಂತಾರೆ, ಇನ್ನೊಬ್ಬನನ್ನ ಸಣ್ಣೋನು ಅಂತಾರೆ, ಗೊಂದಲ ಇಲ್ಲ. ಅಪ್ಪಂದಿರ ಹೆಸರು ಬೇರೆಯಾದರೂ ಮೊದಲಕ್ಷರ ಒಂದೇ, ಹಾಗಾಗಿ ಇನಿಶಿಯಲ್ಲೂ ಒಂದೇ. ಮನೆ ಒಂದೇ. ಇಬ್ಬರೂ ಹುಟ್ಟಿದ್ದು, ಮೇಷ್ಟ್ರ ದಯೆಯಿಂದ, ಜೂನ್ 1. ನನ್ನ ನಿಯಮದ ಪ್ರಕಾರ ಅವರಿಬ್ಬರೂ ಒಬ್ಬರೇ. ಸಣ್ಣೋನ ಅರ್ಜಿ ಮೊದಲು ಕಂಪ್ಯೂಟರಿಗೆ ಹೋಗಿತ್ತು. ದೊಡ್ಡೋನದು ಮೋಸದ ಅರ್ಜಿಯಾಯಿತು.

"ನೋಡ್ತೀನಿ ಅಣ್ಣ" ಅಂದೆ. ಅದನ್ನ ಬರೆದಿದ್ದು ನಾನೇ ಅಂತ ಹೇಳಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದು ತಿರಸ್ಕೃತವಾದವರ ಪಟ್ಟಿ ತೆಗೆಸಿ ನೋಡಿದೆ. ಪುಟದ ಮೇಲೆ ಪುಟ, ಹುಟ್ಟಿದ ದಿನದ ಕಾಲಂ ಮೇಲಿಂದ ಕೆಳಗೆ ಒಂದೇ ತಾರೀಖು. ನಿಯಮ ಬದಲಾಯಿಸಿದೆ. ನಾಲ್ಕೈದು ಸಾಲಿನ ಕೆಲಸ. ಜೂನ್ 1, ಜನವರಿ 1ರಂಥ ತಾರೀಖುಗಳಿಗೆ ಬೆಲೆ ಕೊಡಬೇಡ, ತಂದೆಯ ಪೂರ್ತಿ ಹೆಸರು ಹೋಲಿಸು, ಅನುಮಾನ ಬಂದರೆ ತಿರಸ್ಕರಿಸಬೇಡ, ಒಬ್ಬ ಮನುಷ್ಯ ಫೋನ್ ಮಾಡಿ ಕೇಳಲಿ. ಸಂಸ್ಥೆಯವರು ಒಪ್ಪಿದರು. ಆದರೆ ಆ ವರ್ಷದ ಹಣ ಹಂಚಿ ಮುಗಿದಿತ್ತು. ದೊಡ್ಡೋನು ಅಷ್ಟರಲ್ಲಿ ಡಿಪ್ಲೊಮಾ ಬಿಟ್ಟು ಪೀಣ್ಯದ ಒಂದು ಕಾರ್ಖಾನೆಗೆ ಸೇರಿಯಾಗಿತ್ತು. ಮತ್ತೆ ಓದಲಿಲ್ಲ.

ಇದರಲ್ಲಿ ತಪ್ಪು ಯಾರದ್ದು? ನಾನು ಬಹಳ ಸಲ ಲೆಕ್ಕ ಹಾಕಿದ್ದೀನಿ. ಕೇಳಿದ್ದನ್ನ ಮಾಡಿಕೊಟ್ಟೆ, ನಿಯಮವನ್ನ ಸಂಸ್ಥೆಯವರೇ ಒಪ್ಪಿದ್ದರು. ಟೆಸ್ಟ್ ಮಾಡಿದವರು ಊಹಿಸಲಿಲ್ಲ. ತಿರಸ್ಕಾರದ ಪತ್ರ ಕಳಿಸಿದವರು ಒಂದು ಫೋನ್ ಮಾಡಲಿಲ್ಲ. ಮೇಷ್ಟ್ರು ಸುಳ್ಳು ತಾರೀಖು ಬರೆದರು. ಅಪ್ಪ ಅಮ್ಮ ನಿಜವಾದ ತಾರೀಖು ಬರೆದಿಟ್ಟುಕೊಳ್ಳಲಿಲ್ಲ. ಹೀಗೆ ಹಂಚುತ್ತಾ ಹೋದರೆ ತಪ್ಪು ಎಷ್ಟು ತೆಳ್ಳಗಾಗುತ್ತೆ ಅಂದರೆ ಯಾರ ಪಾಲಿಗೂ ಭಾರ ಅನ್ನಿಸೋಷ್ಟು ಬರೋದಿಲ್ಲ. ಆದರೆ ಆ ಹುಡುಗನ ಪಾಲಿಗೆ ಬಂದ ನಷ್ಟ ಮಾತ್ರ ಹಂಚಿಹೋಗಲಿಲ್ಲ. ಅದು ಪೂರ್ತಿ ಅವನೊಬ್ಬನಿಗೇ ಬಂತು.

ತಿಳಿದು ಮುಟ್ಟಿದರೂ ತಿಳಿಯದೆ ಮುಟ್ಟಿದರೂ ಬೆಂಕಿ ಸುಡುತ್ತೆ ಅಂತ ಅವ್ವ ಹೇಳ್ತಿರ್ತಾಳೆ. ನಮ್ಮ ಕೆಲಸದಲ್ಲಿ ಇದು ಪೂರ್ತಿ ನಿಜ ಅಲ್ಲ. ಇಲ್ಲಿ ಮುಟ್ಟೋನು ಒಬ್ಬ, ಸುಡಿಸಿಕೊಳ್ಳೋನು ಇನ್ನೊಬ್ಬ. ಅದಕ್ಕೇ ನಾವು ಪಾಠ ಕಲಿಯೋದು ನಿಧಾನ.

"ನನಗೆ ಗೊತ್ತಿರಲಿಲ್ಲ" ಅಂತ ಹೇಳಿ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ನನ್ನ ವಿಷಯದಲ್ಲಿ ಅದೂ ಸುಳ್ಳು. ನನಗೆ ಗೊತ್ತಿತ್ತು! ಜೂನ್ 1ರ ಕಥೆ ನನಗಿಂತ ಚೆನ್ನಾಗಿ ಆ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಾತನ ಹೆಸರಿಡುವ ಪದ್ಧತಿ ಗೊತ್ತಿತ್ತು. ಕೂಡು ಕುಟುಂಬದ ಒಂದೇ ವಿಳಾಸ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದ್ದ ನಾನು ಕೀಬೋರ್ಡ್ ಮುಂದೆ ಕೂತಾಗ ಅದನ್ನೆಲ್ಲ ಮರೆತಿದ್ದೆ ಅಂತಲೂ ಅಲ್ಲ, ಅದು ಇಲ್ಲಿಗೆ ಸಂಬಂಧಪಟ್ಟಿದ್ದು ಅಂತ ಅನ್ನಿಸಲೇ ಇಲ್ಲ. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಜೊತೆಗೆ ಊರನ್ನೂ ಬಿಟ್ಟು ಒಳಗೆ ಹೋಗೋದು ಮೊದಲ ಸೆಮಿಸ್ಟರಿನಲ್ಲೇ ಅಭ್ಯಾಸವಾಗಿತ್ತು. ಒಳಗೆ ಯಾರೂ ನನ್ನ ಊರು ಕೇಳಲಿಲ್ಲ ಅಂತ ಅವತ್ತು ಖುಷಿಪಟ್ಟಿದ್ದೆನಲ್ಲ, ಅದಕ್ಕೆ ಇನ್ನೊಂದು ಮಗ್ಗುಲೂ ಇತ್ತು.

ಆಮೇಲೆ ಓದಲು ಶುರು ಮಾಡಿದೆ. ಮೆಟ್ರೋದಲ್ಲಿ ಹೋಗ್ತಾ ಬರ್ತಾ, ಯಾವ ಪರೀಕ್ಷೆಯ ಭಯವೂ ಇಲ್ಲದೆ, ವಿಶ್ವ ಇತಿಹಾಸ. ನನ್ನ ಪ್ರಶ್ನೆ ಒಂದೇ: ಜನರನ್ನ ಕಾಲಂಗಳಿಗೆ ಇಳಿಸುವ ಕೆಲಸ ಯಾವಾಗಿನಿಂದ ನಡೀತಿದೆ, ಅದರಿಂದ ಏನೇನಾಗಿದೆ?

ಯಂತ್ರದಿಂದ ದೊಡ್ಡ ಪ್ರಮಾಣದಲ್ಲಿ ಮಾಹಿತಿ ಲೆಕ್ಕ ಹಾಕುವ ಕೆಲಸ ಶುರುವಾಗಿದ್ದೇ ಜನರನ್ನ ಎಣಿಸೋಕೆ. 1890ರ ಅಮೆರಿಕದ ಜನಗಣತಿಗೆ ಹರ್ಮನ್ ಹಾಲರಿತ್ ಎಂಬ ಇಂಜಿನಿಯರ್ ರಂಧ್ರ ಕೊರೆದ ಕಾರ್ಡುಗಳ ಯಂತ್ರ ಮಾಡಿಕೊಟ್ಟ. ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಕಾರ್ಡು. ಅವನ ಕಂಪನಿ ಮುಂದೆ ಬೇರೆ ಕಂಪನಿಗಳ ಜೊತೆ ಸೇರಿ ಐಬಿಎಂ ಆಯಿತು. ಅಂದರೆ ನಮ್ಮ ವೃತ್ತಿಯ ವಂಶವೃಕ್ಷದ ಬುಡದಲ್ಲೇ ಜನರ ಪಟ್ಟಿ ಇದೆ.

ನನ್ನನ್ನ ನಿದ್ದೆಗೆಡಿಸಿದ್ದು ನೆದರ್ಲೆಂಡ್ಸ್ ಕಥೆ. ಆ ದೇಶದಲ್ಲಿ ಯುದ್ಧಕ್ಕೆ ಮೊದಲೇ ಅಚ್ಚುಕಟ್ಟಾದ ಜನಸಂಖ್ಯಾ ನೋಂದಣಿ ಇತ್ತು. ಪ್ರತಿಯೊಬ್ಬರ ಕಾರ್ಡಿನಲ್ಲೂ ಧರ್ಮದ ಕಾಲಂ ಇತ್ತು. ಅದನ್ನ ಹಾಕಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಸಾಮಾನ್ಯ ಆಡಳಿತದ ಕೆಲಸ. 1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ದೇಶವನ್ನ ಹಿಡಿಯಿತು. ನೋಂದಣಿ ವಿಭಾಗದ ಮುಖ್ಯಸ್ಥನಾಗಿದ್ದ ಯಾಕೊಬ್ ಲೆಂಟ್ಸ್ ಎಂಬ ಅಧಿಕಾರಿ ನಕಲು ಮಾಡೋಕೆ ಬಹಳ ಕಷ್ಟವಾದ ಒಂದು ಗುರುತಿನ ಚೀಟಿ ಮಾಡಿಕೊಟ್ಟ. ಯಹೂದಿಗಳ ಚೀಟಿಯ ಮೇಲೆ 'ಜೆ' ಅನ್ನೋ ಮುದ್ರೆ ಬಿತ್ತು. ಆ ದೇಶದಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನ ಕೊಲ್ಲಲಾಯಿತು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಆ ಅಚ್ಚುಕಟ್ಟಾದ ದಾಖಲೆ. ಲೆಂಟ್ಸ್ ಬಗ್ಗೆ ಓದುವಾಗ ನನಗೆ ಭಯವಾಗಿದ್ದು ಯಾಕೆಂದರೆ ಅವನು ಪರಿಚಿತ ಅನ್ನಿಸಿದ. ತನ್ನ ಕೆಲಸದ ಅಚ್ಚುಕಟ್ಟುತನದ ಮೇಲೆ ಹೆಮ್ಮೆ ಇರೋ ಮನುಷ್ಯ. ಇಂಥವರನ್ನ ನಮ್ಮ ಆಫೀಸುಗಳಲ್ಲಿ ಎಲ್ಲರೂ ಮೆಚ್ಚುತ್ತೀವಿ.

ಅದೇ ದೇಶದಲ್ಲಿ ಇನ್ನೊಂದು ಘಟನೆ. 1943ರ ಮಾರ್ಚ್ 27ರ ರಾತ್ರಿ, ಒಂದು ಗುಂಪು ಪೊಲೀಸರ ವೇಷದಲ್ಲಿ ಆಮ್ಸ್ಟರ್‌ಡ್ಯಾಮ್‌ನ ನೋಂದಣಿ ಕಚೇರಿಗೆ ನುಗ್ಗಿತು. ಕಾವಲುಗಾರರಿಗೆ ನಿದ್ದೆಯ ಇಂಜೆಕ್ಷನ್ ಕೊಟ್ಟು ಹೊರಗೆ ಸಾಗಿಸಿದರು, ಯಾರೂ ಸಾಯಬಾರದು ಅಂತ. ಆಮೇಲೆ ಕಾರ್ಡುಗಳಿಗೆ ಬೆಂಕಿ ಇಟ್ಟರು. ಆ ಗುಂಪಿನಲ್ಲಿ ಚಿತ್ರಕಾರ ವಿಲ್ಲೆಮ್ ಅರೊಂಡೇಯಸ್ ಇದ್ದ, ಶಿಲ್ಪಿ ಗೆರಿಟ್ ವಾನ್ ಡರ್ ವೇನ್ ಇದ್ದ. ಸುಟ್ಟಿದ್ದು ದಾಖಲೆಯ ಒಂದು ಭಾಗ ಮಾತ್ರ. ಅದಕ್ಕೆ ಬೆಲೆಯಾಗಿ ಅರೊಂಡೇಯಸ್ ಸೇರಿ ಹನ್ನೆರಡು ಜನರನ್ನ ಗುಂಡಿಟ್ಟು ಕೊಂದರು. ಒಂದು ಡೇಟಾಬೇಸನ್ನ ಅಳಿಸೋಕೆ ಜನ ಪ್ರಾಣ ಕೊಟ್ಟಿದ್ದಾರೆ. ನಾನು ದಿನಾ ಡೇಟಾಬೇಸ್ ಜೊತೆ ಕೆಲಸ ಮಾಡೋನು, ಇದು ಗೊತ್ತಾಗಿದ್ದು ಮೂವತ್ತು ದಾಟುವ ಹೊತ್ತಿಗೆ.

ಇದು ಯಾವುದೋ ಕಾಲದ ಕಥೆ ಅನ್ನೋ ಹಾಗೂ ಇಲ್ಲ. ರುವಾಂಡಾದಲ್ಲಿ 1930ರ ದಶಕದಲ್ಲಿ ಬೆಲ್ಜಿಯಂನ ಆಡಳಿತ ಗುರುತಿನ ಚೀಟಿಯಲ್ಲಿ ಹುಟು, ಟುಟ್ಸಿ, ಟ್ವಾ ಅಂತ ಬರೆಸಿತು. ಬೆಲ್ಜಿಯಂನವರು ಹೋದ ಮೇಲೂ ಆ ಸಾಲು ಉಳಿಯಿತು. 1994ರಲ್ಲಿ, ನಾನು ಆ ಮೇಷ್ಟ್ರ ಕೈಕೆಳಗೆ ಅ ಆ ಇ ಈ ತಿದ್ದುತ್ತಿದ್ದ ಕಾಲದಲ್ಲಿ, ರಸ್ತೆರಸ್ತೆಯಲ್ಲಿ ತಡೆದು ಚೀಟಿ ಕೇಳಿದರು. ಸುಮಾರು ನೂರು ದಿನದಲ್ಲಿ ಎಂಟು ಲಕ್ಷದಷ್ಟು ಜನ ಸತ್ತರು ಅಂತ ಅಂದಾಜು. ಚೀಟಿಯಲ್ಲಿ ಏನು ಬರೆದಿದೆ ಅನ್ನೋದರ ಮೇಲೆ ಎಷ್ಟೋ ಜನರ ಜೀವ ನಿಂತಿತ್ತು.

ನನ್ನ ಜೂನ್ 1ರ ನಿಯಮವನ್ನ ಇವುಗಳ ಪಕ್ಕ ಇಟ್ಟು ಹೋಲಿಸ್ತಿಲ್ಲ. ಹಾಗೆ ಮಾಡಿದರೆ ಸತ್ತವರಿಗೆ ಅವಮಾನ. ನಾನು ಹೇಳೋದು ಇಷ್ಟು: ಕಾಲಂ ಹಾಕಿದವನು ಎಲ್ಲೂ ರಾಕ್ಷಸನಾಗಿರಬೇಕಾಗಿಲ್ಲ. ಅವನು ತನ್ನ ಕೆಲಸವನ್ನ ಚೆನ್ನಾಗಿ ಮಾಡಿ, ಬೇರೆ ಏನನ್ನೂ ಕೇಳದೆ ಮನೆಗೆ ಹೋಗಿದ್ದರೆ ಸಾಕು.

ಇದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ನ್ಯಾಯವಾದವೇ. ಮೊದಲನೆಯದು, ಇತಿಹಾಸ ಓದಿದವರೆಲ್ಲ ಒಳ್ಳೆಯವರಾಗ್ತಾರಾ? ಇಲ್ಲ. ಯುರೋಪಿನ ಆ ಅಧಿಕಾರಿಗಳು ನಮಗಿಂತ ಹೆಚ್ಚೇ ಇತಿಹಾಸ ಓದಿದ್ದಿರಬಹುದು. ಒಂದು ಸೆಮಿಸ್ಟರಿನ ಕೋರ್ಸು ಪೋಲಿಯೋ ಹನಿ ಇದ್ದ ಹಾಗೆ ಅಲ್ಲ, ಬಾಯಿಗೆ ಹಾಕಿಸಿಕೊಂಡು ರಕ್ಷಣೆ ಪಡೆಯೋಕೆ. ಝೆರಾಕ್ಸ್ ಅಂಗಡಿಯ ಕಟ್ಟಿನಿಂದ ಓದಿದರಂತೂ ಏನೂ ಆಗಲ್ಲ, ಅದಕ್ಕೆ ನಾನೇ ಸಾಕ್ಷಿ.

ಎರಡನೆಯದು ನನ್ನ ಸಹೋದ್ಯೋಗಿಯೊಬ್ಬ ಊಟದ ಹೊತ್ತಿನಲ್ಲಿ ಕೇಳಿದ್ದು. "ಗುರೂ, ಹೀಗೆ ಎಲ್ಲ ಯೋಚನೆ ಮಾಡ್ತಾ ಕೂತ್ರೆ ರಿಲೀಸ್ ಮಾಡೋದು ಯಾವಾಗ?" ಅವನ ಮಾತಿನಲ್ಲೂ ಸತ್ಯ ಇದೆ. ಆ ನಿಯಮ ಇಲ್ಲದಿದ್ದರೆ ಮೋಸಗಾರರು ಎರಡೆರಡು ಸಲ ಹಣ ಹೊಡೀತಿದ್ದರು, ಆಗಲೂ ಯಾವನೋ ಬಡ ಹುಡುಗನಿಗೇ ಹೊಡೆತ. ಎರಡು ಅಂಕಿಯಲ್ಲಿ ವರ್ಷ ಬರೆದ ಹಳೆಯ ಪ್ರೋಗ್ರಾಮರುಗಳನ್ನೇ ನೋಡಿ. ಆಗ ಮೆಮೊರಿ ಬಹಳ ದುಬಾರಿ, ಹಾಗಾಗಿ ಹತ್ತೊಂಬತ್ತನ್ನ ಬಿಟ್ಟು ಕೊನೆಯ ಎರಡಂಕಿ ಮಾತ್ರ ಇಟ್ಟರು. ಅವರ ಕಾಲಕ್ಕೆ ಅದು ಸರಿಯಾದ ನಿರ್ಧಾರವೇ. 2000ನೇ ಇಸವಿ ಹತ್ತಿರ ಬಂದಾಗ ಜಗತ್ತೆಲ್ಲ ಕೂತು ಅದನ್ನ ರಿಪೇರಿ ಮಾಡಬೇಕಾಯಿತು. ಭಾರತದ ಸಾವಿರಾರು ಇಂಜಿನಿಯರುಗಳಿಗೆ ಅದರಿಂದಲೇ ಕೆಲಸ ಸಿಕ್ಕಿತು. ನಮ್ಮ ಭಾವ 1999ರಲ್ಲಿ ಅಕ್ಕನನ್ನ ಮದುವೆಯಾಗಿ ಅಮೆರಿಕಕ್ಕೆ ಕರ್ಕೊಂಡು ಹೋಗಿದ್ದು ಅದೇ ಕೆಲಸದ ಮೇಲೆ. ಮೆಸಪೊಟೇಮಿಯಾ ಕಟ್ಕೊಂಡು ಏನು ಮಾಡಲಿ ಅನ್ನೋ ಹುಡುಗ ನ್ಯೂಜೆರ್ಸಿಯಲ್ಲಿ ಹುಟ್ಟಿದ್ದೇ ಯಾರೋ ಬಿಟ್ಟ ಎರಡಂಕಿಯ ಇತಿಹಾಸದಿಂದ!

ಆದ್ದರಿಂದ ಸರಳ ಮಾಡೋದು ತಪ್ಪು ಅಂತ ನಾನು ಹೇಳಲಾರೆ. ಸರಳ ಮಾಡದೆ ಪ್ರೋಗ್ರಾಂ ಬರೆಯೋಕೆ ಆಗಲ್ಲ, ಪಾಠ ಮಾಡೋಕೆ ಆಗಲ್ಲ, ಸರ್ಕಾರ ನಡೆಸೋಕೂ ಆಗಲ್ಲ. ಸರಳ ಮಾಡಿದಾಗ ಅದರಿಂದ ಆಗುವ ತಪ್ಪಿನ ಬೆಲೆಯನ್ನ ಯಾರ ಮೇಲೆ ಹಾಕ್ತೀವಿ ಅನ್ನೋದೇ ನೀತಿಯ ಪ್ರಶ್ನೆ. ನನ್ನ ಮೊದಲ ನಿಯಮ ಆ ಬೆಲೆಯನ್ನ ಹುಡುಗನ ಮೇಲೆ ಹಾಕಿತು. ಎರಡನೆಯದು ಸಂಸ್ಥೆಯ ಮೇಲೆ ಹಾಕಿತು, ಒಂದು ಫೋನ್ ಕಾಲಿನ ಖರ್ಚು. ಎರಡೂ ಸರಳವೇ. ಮೊದಲನೆಯದನ್ನ ಬರೆಯುವಾಗ ಈ ಪ್ರಶ್ನೆ ಇದೆ ಅಂತಲೇ ನನಗೆ ಹೊಳೆದಿರಲಿಲ್ಲ.

ಪ್ರೋಗ್ರಾಮಿಂಗ್ ಕೋರ್ಸು ನನಗೆ ಗಂಟು ಕಟ್ಟೋದನ್ನ ಕಲಿಸಿತು. ಇಂಥ ಗಂಟುಗಳನ್ನ ಹಿಂದೆ ಯಾರು ಕಟ್ಟಿದ್ದರು, ಅದು ಯಾರ ಕೈಗೆ ಹೋಯಿತು ಅನ್ನೋದನ್ನ ಇತಿಹಾಸದ ಕೋರ್ಸು ಹೇಳಬಹುದಿತ್ತು. ಈಗ ಅದರೊಳಗೆ ಹಿಡಿಸದೆ ಹೊರಗೆ ಉಳಿದವರು ಯಾರು ಅಂತ ಜಗತ್ತಿನ ಸಮಸ್ಯೆಗಳ ಕೋರ್ಸು ತೋರಿಸಬಹುದಿತ್ತು. ಮೂರನ್ನೂ ಮೂರು ಕೋಣೆಯಲ್ಲಿ, ಮೂರು ಬೇರೆ ಪರೀಕ್ಷೆಗೆ ಓದಿಸಿದರೆ ಅವು ಒಂದಕ್ಕೊಂದು ಭೇಟಿಯಾಗೋದೇ ಇಲ್ಲ. ಅವು ಭೇಟಿಯಾಗೋ ಜಾಗ ಓದುವವನ ತಲೆ ಮಾತ್ರ.

ಸಂಜೆ ಹುಡುಗನಿಗೆ ಫೋನ್ ಮಾಡಿದೆ. ಇಷ್ಟು ಉದ್ದ ಹೇಳಲಿಲ್ಲ. ಜೂನ್ 1ರ ಕಥೆ ಹೇಳಿದೆ, ಆಮ್ಸ್ಟರ್‌ಡ್ಯಾಮ್ ಬೆಂಕಿಯ ಕಥೆ ಹೇಳಿದೆ. "ಹಿಸ್ಟರಿ ಕ್ಲಾಸಿಗೆ ಹೋಗು. ಅಲ್ಲಿ ಕೂತು ಪ್ರೋಗ್ರಾಮಿಂಗ್ ಬಗ್ಗೆ ಯೋಚನೆ ಮಾಡು, ಪರವಾಗಿಲ್ಲ. ಪ್ರೋಗ್ರಾಮಿಂಗ್ ಕ್ಲಾಸಲ್ಲಿ ಕೂತಾಗ ಹಿಸ್ಟರಿ ಬಗ್ಗೆ ಯೋಚನೆ ಮಾಡು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ನನ್ನ ಉಪದೇಶ ಇಳೀತಿದೆ ಅಂದುಕೊಂಡೆ.

"ಮಾಮ, ಆ ಹುಡುಗಂಗೆ ಹೇಳಿದ್ರಾ? ಅದು ನೀವು ಮಾಡಿದ್ದು ಅಂತ?"

"ಇಲ್ಲ" ಅಂದೆ.

"ಅವ್ರಪ್ಪಂಗೆ?"

"ಇಲ್ಲ ಕಣೋ."

"ಓ" ಅಂದ. ಆಮೇಲೆ ಅಕ್ಕನಿಗೆ ಫೋನ್ ಕೊಟ್ಟ.

ಹತ್ತಿರ ಹತ್ತು ವರ್ಷ ಆಗ್ತಾ ಬಂತು. ಇಷ್ಟು ಕಾಲ ನಾನು ಪ್ರತಿ ತೇರಿಗೂ ಊರಿಗೆ ಹೋಗಿದ್ದೀನಿ, ಆ ಅಣ್ಣನ ಜೊತೆ ಕಾಫಿ ಕುಡಿದಿದ್ದೀನಿ. ಅವರು ಕೇಳಲ್ಲ, ನಾನು ಹೇಳಲ್ಲ. ಹೇಳಿದರೆ ಹುಡುಗನ ಆ ವರ್ಷ ವಾಪಸ್ ಬರುತ್ತಾ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೀನಿ. ಆದರೆ ಅವರ ಮನೆಯಲ್ಲಿ ಇವತ್ತಿಗೂ ದೊಡ್ಡೋನ ಅರ್ಜಿಯಲ್ಲೇ ಏನೋ ಎಡವಟ್ಟಾಗಿತ್ತು ಅಂತ ನಂಬಿದ್ದಾರೆ. "ಸರಿಯಾಗಿ ತುಂಬಿರಲಿಲ್ಲ ಇವ್ನು, ಅದಕ್ಕೇ ಹಂಗಾಯ್ತು" ಅಂತ ಅವರಪ್ಪ ಅನ್ನೋದನ್ನ ನಾನೇ ಕೇಳಿಸಿಕೊಂಡಿದ್ದೀನಿ. ಅವನು ಸರಿಯಾಗಿಯೇ ತುಂಬಿದ್ದ. ಆ ಅರ್ಜಿಯನ್ನ ನಾನು ನೋಡಿದ್ದೀನಿ, ಒಂದೇ ಒಂದು ತಪ್ಪಿರಲಿಲ್ಲ.

ನಿಮಗೆ ಇದನ್ನೆಲ್ಲ ಹೇಳೋದು ಸುಲಭ. ನೀವು ಅವರ ಬೀದಿಯವರಲ್ಲ, ಅಣ್ಣ ಇದನ್ನ ಓದೋದೂ ಇಲ್ಲ.

ಮುಂದಿನ ತಿಂಗಳು ತೇರು. ರಜಾ ಹಾಕಿದ್ದೀನಿ. ದೊಡ್ಡೋನೂ ಬರ್ತಾನಂತೆ.